“ಖಾಲಿ ಫೈಲ್ ಯಾವತ್ತೂ ತೆರೆದಿಲ್ಲ ಮೇಡಂ”

ಫ್ರಂಟ್-ಎಂಡ್ ಡೆವಲಪರ್ (ವೆಬ್‌ಸೈಟಿನಲ್ಲಿ ನಮಗೆ ಕಾಣುವ ಭಾಗ ಕಟ್ಟುವವರು) ಆಗಬೇಕು ಎಂದು ಹೊರಟು, ಕೋರ್ಸ್ ಮೇಲೆ ಕೋರ್ಸ್ ಮುಗಿಸಿ, ಕೆಲಸ ಸಿಗದೆ ನನ್ನ ಬಳಿ ಬರುವ ಹುಡುಗ ಹುಡುಗಿಯರು ಈಚೆಗೆ ಜಾಸ್ತಿಯಾಗಿದ್ದಾರೆ. ಊರು ಬೇರೆ, ಡಿಗ್ರಿ ಬೇರೆ, ಕೇಳುವ ಪ್ರಶ್ನೆ ಮಾತ್ರ ಒಂದೇ: ಮುಂದೆ ಯಾವ ಕೋರ್ಸ್ ಮಾಡಲಿ? ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಹುಡುಗಿ ಒಪ್ಪಿಗೆ ಕೊಟ್ಟಿದ್ದಾಳೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಲಹೆಗೆ ಬರುವ ಮುಂಚೆ ನಾನೂ ಕೆಲವು ವರ್ಷ ವೆಬ್ ಪುಟ ಕಟ್ಟುವ ಕೆಲಸ ಮಾಡಿದ್ದೆ. ಕೆಳಗಿನ ಸಲಹೆಯಲ್ಲಿ ಆ ಅನುಭವವೂ ಸೇರಿದೆ.

ಆಕೆ ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದವಳು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಎಸ್ಸಿ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಒಂದು ತರಬೇತಿ ಕೇಂದ್ರದಲ್ಲಿ ಫುಲ್ ಸ್ಟ್ಯಾಕ್ (ಕಾಣುವ ಭಾಗ, ಹಿಂದಿನ ಸರ್ವರ್ ಎರಡನ್ನೂ ಕಲಿಸುವ) ಕೋರ್ಸ್ ಮುಗಿಸಿದ್ದಳು. ಫೀಸಿಗಾಗಿ ಮನೆಯವರು ಒಡವೆ ಅಡವಿಟ್ಟಿದ್ದರು. ಮೊದಲ ಭೇಟಿಗೆ ಅಣ್ಣನೂ ಬಂದಿದ್ದ. “ಯಾವ ಕೋರ್ಸ್ ಹಾಕ್ಸಿದ್ರೆ ಕೆಲಸ ಗ್ಯಾರಂಟಿ ಅಂತ ಹೇಳ್ಬಿಡಿ ಮೇಡಂ, ಹೇಗಾದ್ರೂ ದುಡ್ಡು ಹೊಂದಿಸ್ತೀನಿ” ಎಂದ. ಆಕೆ ನೆಲ ನೋಡುತ್ತಾ ಕೂತಿದ್ದಳು. ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಊರಿಂದ ಫೋನ್ ಬಂದರೆ ಎತ್ತುತ್ತಿರಲಿಲ್ಲ. ಇಂಗ್ಲಿಷ್ ಬರದಿರುವುದಕ್ಕೇ ಸಂದರ್ಶನದಲ್ಲಿ ಬಿಡುತ್ತಿದ್ದಾರೆ ಎಂದು ನಂಬಿದ್ದಳು.

ರೆಸ್ಯೂಮ್ ನೋಡಿದೆ. ರಿಯಾಕ್ಟ್ (ಜಾವಾಸ್ಕ್ರಿಪ್ಟ್‌ನಲ್ಲಿ ಪುಟ ಕಟ್ಟಲು ಬಳಸುವ ಸಿದ್ಧ ಸಾಧನ), ನೋಡ್, ಮೊಂಗೋಡಿಬಿ, ಟೈಲ್‌ವಿಂಡ್, ಹೀಗೆ ಸಾಧನಗಳ ಹೆಸರೆಲ್ಲ ಇದ್ದವು. ಪ್ರಾಜೆಕ್ಟ್ ಎಂದು ಒಂದು ಶಾಪಿಂಗ್ ಸೈಟ್, ಒಂದು ಸಿನಿಮಾ ಪಟ್ಟಿ. ಆ ಬ್ಯಾಚಿನ ಎಲ್ಲರ ರೆಸ್ಯೂಮಿನಲ್ಲೂ ಇದೇ ಎರಡು ಇದ್ದವಂತೆ.

ಮೊದಲ ಎರಡು ಭೇಟಿ ಮನೆ, ಸಾಲ, ನಿದ್ದೆಯ ಮಾತಿನಲ್ಲೇ ಕಳೆದವು. ಮೂರನೆಯದಕ್ಕೆ ಲ್ಯಾಪ್‌ಟಾಪ್ ತರಲು ಹೇಳಿದ್ದೆ. “ಇದು ಪರೀಕ್ಷೆ ಅಲ್ಲಮ್ಮ. ಒಂದು ಪುಟ ಮಾಡು. ಹೆಸರು, ಮೊಬೈಲ್ ನಂಬರ್, ಒಂದು ಬಟನ್, ಇಷ್ಟೇ. ರಿಯಾಕ್ಟ್ ಬೇಡ, ಎಐ ಬೇಡ, ವಿಡಿಯೋ ಬೇಡ” ಎಂದೆ.

ಎಡಿಟರ್ ತೆರೆದಳು. ಬೆರಳು ಕೀಬೋರ್ಡ್ ಮೇಲೆ ಇಟ್ಟಳು. ಏನೂ ಬರಲಿಲ್ಲ. ನಾನು ಸುಮ್ಮನಿದ್ದೆ. ತುಂಬಾ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: “ಖಾಲಿ ಫೈಲ್ ಯಾವತ್ತೂ ತೆರೆದಿಲ್ಲ ಮೇಡಂ. ಸರ್ ಯಾವಾಗ್ಲೂ ಅರ್ಧ ಬರೆದಿರೋ ಫೋಲ್ಡರ್ ಕೊಡ್ತಿದ್ರು.”

ಕಣ್ಣಲ್ಲಿ ನೀರು ಬಂತು. ಸಮಾಧಾನದ ಮಾತು ಹೇಳಿ ಲ್ಯಾಪ್‌ಟಾಪ್ ಮುಚ್ಚಿಸಬಹುದಿತ್ತು. ನಾನು ಹಾಗೆ ಮಾಡಲಿಲ್ಲ. “ಈಗ ತೆರೆದಿದ್ದೀಯಲ್ಲ, ಗೊತ್ತಿರೋ ಒಂದು ಟ್ಯಾಗ್ ಬರಿ” ಎಂದೆ. ಟ್ಯಾಗ್ ಎಂದರೆ ಪುಟದ ಒಂದೊಂದು ಭಾಗ ಏನೆಂದು ಬ್ರೌಸರಿಗೆ ಹೇಳುವ ಗುರುತು. ಒಂದು ಹೆಡಿಂಗ್ ಬಂತು. ಆಮೇಲೆ ಫಾರ್ಮ್, ಎರಡು ಇನ್‌ಪುಟ್, ಒಂದು ಬಟನ್. ಆಕೆ ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ನೆನಪಿತ್ತು. ಹೆಸರು, ನಂಬರ್ ತುಂಬಿ ಬಟನ್ ಒತ್ತಿದಳು. ಪುಟ ಒಂದು ಸಲ ಮಿಂಚಿ, ತುಂಬಿದ್ದೆಲ್ಲ ಮಾಯವಾಯಿತು. “ಹಾಳಾಯ್ತು” ಎಂದು ಎಲ್ಲ ಅಳಿಸಲು ಹೋದಳು. ನಾನು ತಡೆದೆ. “ಅಳಿಸಬೇಡ. ಏನಾಯ್ತು ಅಂತ ಕನ್ನಡದಲ್ಲೇ ಹೇಳು.”

“ಬಟನ್ ಒತ್ತಿದೆ. ಪುಟ ಮತ್ತೆ ಲೋಡ್ ಆಯ್ತು.”

“ಯಾರು ಲೋಡ್ ಮಾಡಿದ್ದು? ನೀನು ಬರೆದಿದ್ಯಾ?”

“ಇಲ್ಲ... ಬ್ರೌಸರ್ರೇ ಮಾಡ್ತು.”

“ಅದು ಯಾಕೆ ಹಾಗೆ ಮಾಡುತ್ತೆ?”

ಸ್ವಲ್ಪ ಹೊತ್ತು ಪರದೆ ನೋಡಿದಳು. ಆಮೇಲೆ ಕೂತಲ್ಲೇ ನೆಟ್ಟಗಾದಳು. “ಫಾರ್ಮ್ ಅಂದ್ರೆ ಕಳಿಸೋದಕ್ಕೇ ಇರೋದು. ಬಟನ್ ಒತ್ತಿದ್ರೆ ಬ್ರೌಸರ್ ಅದನ್ನ ಕಳಿಸೋಕೆ ಹೋಗುತ್ತೆ. ಎಲ್ಲಿಗೆ ಅಂತ ನಾನು ಹೇಳಿಲ್ಲ, ಅದಕ್ಕೆ ಇದೇ ಪುಟಕ್ಕೆ ಕಳಿಸ್ತು. ಓ, ಅದಕ್ಕಾ ಮೇಡಂ ನಾವು ಪ್ರಿವೆಂಟ್‌ಡಿಫಾಲ್ಟ್ ಅಂತ ಬರೀತಿದ್ದಿದ್ದು!”

ಬ್ರೌಸರ್ ತಾನಾಗಿ ಮಾಡುವುದನ್ನು ತಡೆಯುವ ಆ ಸಾಲನ್ನು ಆಕೆ ರಿಯಾಕ್ಟ್ ಪ್ರಾಜೆಕ್ಟುಗಳಲ್ಲಿ ಎಷ್ಟೋ ಸಲ ಬರೆದಿದ್ದಳು. ಸರ್ ಬರೆದರು, ತಾನೂ ಬರೆದೆ, ಅಷ್ಟೇ. ಯಾಕೆ ಅಂತ ಅವತ್ತು ಗೊತ್ತಾಯಿತು. ಫಾರ್ಮ್ ಟ್ಯಾಗ್, ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 1995ರ 2.0 ಆವೃತ್ತಿಯಲ್ಲೇ ಇತ್ತು. ರಿಯಾಕ್ಟ್ ಹೊರಬಂದಿದ್ದು 2013ರಲ್ಲಿ. ಹಿಂದಿನದು ತಿಳಿಯದೆ ಮುಂದಿನದು ಹೇಗೆ ಅರ್ಥವಾದೀತು? ಆಕೆ ದಡ್ಡಿಯಲ್ಲ. ಕಲಿಸಿದ ಕ್ರಮವೇ ತಲೆಕೆಳಗಾಗಿತ್ತು.

ಇನ್ನೊಂದು ವಿಷಯವೂ ಅವತ್ತೇ ತಿಳಿಯಿತು. ಬ್ರೌಸರ್ ಏನು ಮಾಡುತ್ತೆ ಎಂದು ಆಕೆ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಹೇಳಿದಳು! ತಿಳಿದಿದ್ದನ್ನು ಹೇಳುವ ಶಕ್ತಿ ಆಕೆಗಿತ್ತು. ಸಂದರ್ಶನದಲ್ಲಿ ಕಾಡುತ್ತಿದ್ದದ್ದು ಇಂಗ್ಲಿಷ್ ಒಂದೇ ಅಲ್ಲ, ಹೇಳಲು ಒಳಗೆ ಏನೂ ಇಲ್ಲ ಎಂಬ ಭಯ. ಇಂಗ್ಲಿಷ್ ಬೇಡ ಎನ್ನುತ್ತಿಲ್ಲ. ತಾನು ಬರೆದ ಕೋಡನ್ನು ಮೊದಲು ಕನ್ನಡದಲ್ಲಿ, ಆಮೇಲೆ ಸರಳ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ವಿವರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಲು ಹೇಳಿದೆ.

ಲ್ಯಾಪ್‌ಟಾಪ್ ತೆರೆಸುವುದು ಆಪ್ತಸಲಹೆಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೌದು, ಇಂಥ ಪ್ರಕರಣದಲ್ಲಿ ಅದೂ ಸಲಹೆಯೇ. ಆಕೆಯ ಅವಮಾನ ಕೂತಿದ್ದೇ ಆ ಖಾಲಿ ಪರದೆಯಲ್ಲಿ. ಧೈರ್ಯದ ಮಾತು ಎಷ್ಟೇ ಆಡಿದರೂ ಮುಂದಿನ ಸಂದರ್ಶನದಲ್ಲಿ ಅದು ಉಳಿಯುತ್ತಿರಲಿಲ್ಲ.

ಇನ್ನು ಸಲಹೆಯ ವಿಷಯ. ಸದ್ಯಕ್ಕೆ ಹೊಸ ಕೋರ್ಸ್ ಬೇಡ, ಒಂದು ರೂಪಾಯಿಯೂ ಕಟ್ಟಬೇಡಿ ಎಂದು ಅಣ್ಣನಿಗೂ ಹೇಳಿದೆ. ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ಎಂಬ ಕಲಿಕೆಯ ವೆಬ್‌ಸೈಟ್ ಎರಡೂ ಉಚಿತ. ಮೊದಲು ಎಚ್‌ಟಿಎಂಎಲ್ ಸರಿಯಾಗಿ ಬರಬೇಕು. ಹೆಡಿಂಗ್‌ಗಳ ಕ್ರಮ, ಲೇಬಲ್, ಫಾರ್ಮ್, ಬಟನ್ ಇರಬೇಕಾದ ಕಡೆ ಬಟನ್ನೇ. ಡಿವ್‌ಗೆ (ಬರೀ ಪೆಟ್ಟಿಗೆಯಂಥ ಟ್ಯಾಗ್) ಕ್ಲಿಕ್ ಹಾಕಿದರೆ ಮೌಸ್ ಇದ್ದವರಿಗೆ ನಡೆಯುತ್ತದೆ. ಕೀಬೋರ್ಡಿನ ಟ್ಯಾಬ್ ಒತ್ತಿ ಓಡಾಡುವವರಿಗೆ, ಸ್ಕ್ರೀನ್ ರೀಡರ್ ಬಳಸುವ ಅಂಧರಿಗೆ ಅದು ಬಟನ್ ಎಂದೇ ಗೊತ್ತಾಗುವುದಿಲ್ಲ. ಪುಟದ ಅಂದ, ಜೋಡಣೆ ನೋಡಿಕೊಳ್ಳುವ ಸಿಎಸ್‌ಎಸ್‌ನಲ್ಲಿ ಬಾಕ್ಸ್ ಮಾಡೆಲ್, ಫ್ಲೆಕ್ಸ್‌ಬಾಕ್ಸ್, ಗ್ರಿಡ್, ಪುಟ್ಟ ಪರದೆಗೆ ಹೊಂದುವ ವಿನ್ಯಾಸ. ಪುಟದಿಂದ ಕೆಲಸ ಮಾಡಿಸುವ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕು. ಫಂಕ್ಷನ್, ಅರೇ, ಆಬ್ಜೆಕ್ಟ್, ಡಾಮ್ (ಬ್ರೌಸರಿನೊಳಗಿನ ಪುಟದ ರೂಪ), ಈವೆಂಟ್, ಫೆಚ್ (ಬೇರೆ ಕಡೆಯಿಂದ ಮಾಹಿತಿ ತರುವುದು). ಜೊತೆಗೆ ಬ್ರೌಸರಿನ ಡೆವ್‌ಟೂಲ್ಸ್ ತೆರೆದು ತಪ್ಪು ಹುಡುಕುವ ಅಭ್ಯಾಸ, ದಿನದ ಕೆಲಸವನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡುವ ಅಭ್ಯಾಸ. ರಿಯಾಕ್ಟ್ ಇದೆಲ್ಲ ಆದ ಮೇಲೆ. ಕಂಪನಿಗಳು ರಿಯಾಕ್ಟ್ ಕೇಳುತ್ತವೆ, ನಿಜ. ಆದರೆ ಅಂಥದೇ ಇನ್ನೊಂದು ಸಾಧನ, 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್‌ಗೆ 2022ರ ಹೊತ್ತಿಗೆ ಗೂಗಲ್ ಬೆಂಬಲವನ್ನೇ ನಿಲ್ಲಿಸಿತು. ಅದೊಂದನ್ನೇ ನಂಬಿದ್ದವರು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಜಾವಾಸ್ಕ್ರಿಪ್ಟ್ ಗಟ್ಟಿ ಇದ್ದವರಿಗೆ ಅಷ್ಟು ಕಷ್ಟವಾಗಲಿಲ್ಲ.

ಎಐ ಕೋಡ್ ಬರೆದುಕೊಡುವಾಗ ಇದೆಲ್ಲ ಯಾಕೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಅದು ಬರೆದದ್ದು ತಪ್ಪಿದೆಯೋ ಸರಿಯಿದೆಯೋ ಓದಿ ಹೇಳುವವರು ಬೇಕಲ್ವಾ? ಓದಲು ಬಾರದವರು ಅದನ್ನು ಹಾಗೇ ಅಂಟಿಸುತ್ತಾರೆ. ಹೊಸಬರು ಮೊದಲು ತಾವೇ ಬರೆಯಲಿ, ಆಮೇಲೆ ಎಐಗೆ ತೋರಿಸಿ ತಪ್ಪು ಕೇಳಲಿ. ಈ ಮಾತಿನಲ್ಲಿ ನಾನು ರಾಜಿ ಆಗುವುದಿಲ್ಲ.

ಶಾಪಿಂಗ್ ಸೈಟ್ ಬಿಟ್ಟು, ನಿಜವಾಗಿ ಬಳಸುವ ಒಬ್ಬರಿಗಾಗಿ ಒಂದು ಪುಟ ಮಾಡು ಎಂದಿದ್ದೆ. ಊರಿನಲ್ಲಿ ಹೊಲಿಗೆ ಕ್ಲಾಸ್ ನಡೆಸುವ ಅತ್ತೆಯನ್ನು ಆರಿಸಿಕೊಂಡಳು. ಪುಟಗಳನ್ನು ಉಚಿತವಾಗಿ ಇಡಬಹುದಾದ ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟಿದ್ದರಿಂದ ಖರ್ಚಿಲ್ಲ. ಆ ಪುಟ ಕಲಿಸಿದ್ದನ್ನು ಯಾವ ಕೋರ್ಸೂ ಕಲಿಸಿರಲಿಲ್ಲ. ಕನ್ನಡ ಹೆಡಿಂಗಿನಲ್ಲಿ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆಂದು ಇಟ್ಟ ಲೈನ್-ಹೈಟ್ (ಸಾಲಿನ ಎತ್ತರ) ಮತ್ತು ಪೆಟ್ಟಿಗೆಯ ಎತ್ತರ ನಮ್ಮ ‘ಸ್ತ್ರೀ’, ‘ಕ್ಲಾಸ್’ಗಳಿಗೆ ಸಾಲುವುದಿಲ್ಲ. ತಿಳಿಗುಲಾಬಿ ಮೇಲೆ ಬಿಳಿ ಅಕ್ಷರ ಹಾಕಿದ್ದಳು. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ವ್ಯತ್ಯಾಸ ಇರಬೇಕು ಎಂಬ ಡಬ್ಲ್ಯುಸಿಎಜಿ (ಪುಟ ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ ಮಾರ್ಗಸೂಚಿ) ನಿಯಮ ಆಗ ಓದಿದಳು. ಅತ್ತೆ ಫೋನಿನಲ್ಲಿ ನೋಡಿ ಕೇಳಿದರಂತೆ: “ನನ್ನ ನಂಬರ್ ಎಲ್ಲೇ? ಇಷ್ಟು ಕೆಳಗೆ ಹೋಗಿ ಯಾರು ಹುಡುಕ್ತಾರೆ?” ನಂಬರ್ ಮೇಲೆ ಬಂತು. ಬಟನ್ ಒತ್ತಿದರೆ ಅತ್ತೆಯ ವಾಟ್ಸಾಪ್ ತೆರೆಯುತ್ತದೆ.

ಹೆಚ್ಚು ವಿರೋಧ ಬಂದಿದ್ದು ಇನ್ನೊಂದು ಸಲಹೆಗೆ. ಆಕೆಗೆ ಊರಿನ ಹತ್ತಿರದ ನಗರದಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ ಸಿಗುವಂತಿತ್ತು. ಅದಕ್ಕೆ ಸೇರು ಎಂದೆ. ಕನಸಿಗೆ ತಣ್ಣೀರು ಎರಚಿದಿರಿ ಎಂದು ಅಣ್ಣ ಬೇಸರ ಮಾಡಿಕೊಂಡ. ಸಾಲದ ಕಂತು ತಲೆ ಮೇಲಿದ್ದಾಗ ಯಾರೂ ನಿಧಾನವಾಗಿ ಕಲಿಯಲಾರರು. ಅದೇ ಅವಸರದಲ್ಲಿ ಆಕೆ ಒಂದು ಕೆಟ್ಟ ದಾರಿಯ ಅಂಚಿಗೂ ಹೋಗಿದ್ದಳು. ದುಡ್ಡು ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಲೆಟರ್ ಕೊಡಿಸುತ್ತೇವೆ ಎಂದು ಒಬ್ಬರು ಹೇಳಿದ್ದರು. ಕಂಪನಿಗಳು ಪಿಎಫ್ ದಾಖಲೆ, ಹಳೆಯ ಕಂಪನಿಯ ವಿವರ ಪರಿಶೀಲಿಸುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಕೆಲಸ ಕೊಡಿಸಲು ಮುಂಗಡ ಕೇಳುವವರನ್ನು ಯಾವತ್ತೂ ನಂಬಬೇಡಿ. ಸಣ್ಣದೋ ದೊಡ್ಡದೋ, ತಿಂಗಳ ಸಂಬಳ ಇದ್ದರೆ ಇಂಥವರಿಗೆ “ಬೇಡ” ಎನ್ನುವ ಶಕ್ತಿ ಬರುತ್ತದೆ. ನನ್ನ ಸಲಹೆಗೆ ಕಾರಣ ಇಷ್ಟೇ.

ಆಕೆ ಆ ಕೆಲಸಕ್ಕೆ ಸೇರಿದಳು. ಸಂಜೆ ಹೊತ್ತು ಕಲಿಯುತ್ತಾಳೆ. ನಿದ್ದೆ ಸುಧಾರಿಸಿದೆ. ಮನೆಯವರ ಫೋನ್ ಎತ್ತುತ್ತಾಳೆ. ಈಚೆಗೆ ಒಂದು ಸಣ್ಣ ಕಂಪನಿಯ ಸಂದರ್ಶನಕ್ಕೆ ಹೋಗಿ ಎರಡನೇ ಸುತ್ತಿನವರೆಗೂ ಮುಟ್ಟಿದಳು, ಆಯ್ಕೆ ಆಗಲಿಲ್ಲ. ಅತ್ತೆಯ ಪುಟದ ಬಗ್ಗೆಯೇ ತುಂಬಾ ಹೊತ್ತು ಕೇಳಿದರಂತೆ. ಬ್ಯಾಚಿನ ಸಮಯಗಳು ಬೇರೆ ಫೈಲಿನಿಂದ ಫೆಚ್ ಆಗಿ ಬರುತ್ತವಲ್ಲ, ನೆಟ್‌ವರ್ಕ್ ಇಲ್ಲದಿದ್ದರೆ ನೋಡುವವರಿಗೆ ಏನು ಕಾಣುತ್ತೆ ಎಂಬ ಪ್ರಶ್ನೆಗೆ ಆಕೆಯ ಬಳಿ ಉತ್ತರ ಇರಲಿಲ್ಲ. ಅದನ್ನೇ ಈಗ ಪುಟಕ್ಕೆ ಸೇರಿಸುತ್ತಿದ್ದಾಳೆ. ಮುಗಿದ ಮೇಲೆ ಅದೇ ಕಂಪನಿಗೆ ಪುಟದ ಲಿಂಕ್ ಕಳಿಸಿ, ಇನ್ನೊಂದು ಸಲ ನೋಡುತ್ತೀರಾ ಎಂದು ಕೇಳಲು ಹೇಳಿದ್ದೇನೆ.