ಪಾರ್ಕ್ ಟಿಕೆಟ್ ದುಡ್ಡಲ್ಲಿ ಊರಿನ ಪಾಲು: ಭವನಕ್ಕೆ ಕೈ ಎತ್ತೋ ಮುಂಚೆ ಇಷ್ಟು ನೋಡಿ

ಸ್ವಲ್ಪ ಉದ್ದ ಆಗತ್ತೆ, ಪುರುಸೊತ್ತಲ್ಲಿ ಓದಿ. ನೀವು ಕೇಳಿರೋದು, ನಿಮ್ಮೂರು ನ್ಯಾಷನಲ್ ಪಾರ್ಕ್ ಅಂಚಲ್ಲಿದೆ, ಟೂರಿಸ್ಟ್ ಟಿಕೆಟ್ ದುಡ್ಡಲ್ಲಿ ಒಂದು ಪಾಲು ಸುತ್ತಲ ಊರುಗಳಿಗೆ ಕೊಡ್ತೀವಿ ಕಮಿಟಿ ಮಾಡ್ಕೊಳ್ಳಿ ಅಂದಿದಾರೆ, ಊರಲ್ಲಿ ಅರ್ಧ ಜನ ಸಮುದಾಯ ಭವನ ಅಂತಾರೆ ಇನ್ನರ್ಧ ಮನೆಗಿಷ್ಟು ಅಂತ ಹಂಚಿಬಿಡಿ ಅಂತಾರೆ, ಇದು ಬೇರೆ ಕಡೆ ನಿಜವಾಗ್ಲೂ ನಡೆದಿದ್ಯಾ ಅಂತ. ನಡೆದಿದೆ, ಇಪ್ಪತ್ತೈದು ಮೂವತ್ತು ವರ್ಷದಿಂದ ನಡೀತಾನೇ ಇರೋ ಕಡೆಗಳಿವೆ. ಆದ್ರೆ ನಿಮ್ಮ ಪ್ರಶ್ನೆಗೆ ಮೇಲೆ ಉತ್ತರ ಬರೆದೋರೆಲ್ಲ "ಎಷ್ಟು ಪರ್ಸೆಂಟ್ ಅಂತ ಕೇಳಿ" ಅಂತ ಅದೊಂದನ್ನೇ ಹಿಡ್ಕೊಂಡಿದಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಕಾಡಿಗೆ ಅಂಟಿಕೊಂಡು ಹೊಲ ಇರೋ ಮನೆಗೆ ಇದರಲ್ಲಿ ಏನು ತಲುಪತ್ತೆ ಅನ್ನೋದು. ಆನೆ ಹಂದಿ ನುಗ್ಗೋದು ಆ ಹೊಲಕ್ಕೆ, ಭವನ ಎದ್ದು ನಿಲ್ಲೋದು ಊರ ನಡುವೆ.

ಪರ್ಸೆಂಟ್ ವಿಷಯಾನೇ ಮೊದಲು ಮುಗಿಸಿಬಿಡೋಣ. ಉಗಾಂಡಾದಲ್ಲಿ 1996ರ ವನ್ಯಜೀವಿ ಕಾನೂನಲ್ಲೇ ಬರೆದಿಟ್ಟಿದಾರೆ, ಪಾರ್ಕಿನ ಪ್ರವೇಶ ಶುಲ್ಕದಲ್ಲಿ 20 ಪರ್ಸೆಂಟ್ ಸುತ್ತಲ ಸ್ಥಳೀಯ ಆಡಳಿತಗಳಿಗೆ ಹೋಗಬೇಕು ಅಂತ. ಕೇಳಕ್ಕೆ ದೊಡ್ಡದಾಗಿದೆ ಅಲ್ವಾ. ಆದ್ರೆ ಅಲ್ಲಿನ ಬ್ವಿಂಡಿ ಪಾರ್ಕಿಗೆ ಜನ ಬರೋದು ಗೊರಿಲ್ಲಾ ನೋಡಕ್ಕೆ, ವಿದೇಶಿಯರಿಗೆ ಗೊರಿಲ್ಲಾ ಪರ್ಮಿಟ್ 2024ರಿಂದ 800 ಡಾಲರ್, ಅದರ ಮುಂದೆ ಗೇಟ್ ಶುಲ್ಕ ಅನ್ನೋದು ಚಿಲ್ಲರೆ, ಮತ್ತೆ ಆ 20 ಪರ್ಸೆಂಟ್ ಲೆಕ್ಕ ಹಾಕೋದು ಚಿಲ್ಲರೆ ಮೇಲೆ. ಪರ್ಮಿಟ್ಟಿಂದ ಊರಿನ ಪಾಲಿಗೆ ಅಂತ ಎತ್ತಿಡೋದು ಒಂದಕ್ಕೆ 10 ಡಾಲರ್, ಅದೂ ಮೊದಲು 5 ಇದ್ದಿದ್ದು. ಪಕ್ಕದ ರುವಾಂಡಾದಲ್ಲಿ 2005ರಲ್ಲಿ ಶುರು ಮಾಡಿದಾಗ 5 ಪರ್ಸೆಂಟ್ ಕೊಡ್ತಿದ್ರು, 2017ರಲ್ಲಿ ಪರ್ಮಿಟ್ ಬೆಲೆ 750ರಿಂದ 1500 ಡಾಲರಿಗೆ ಏರಿಸಿದಾಗ ಅದನ್ನ 10 ಮಾಡಿದ್ರು, ಅಂದ್ರೆ ನೋಡಕ್ಕೆ ಉಗಾಂಡಾದ ಅರ್ಧ, ಆದ್ರೆ ಲೆಕ್ಕ ಹಾಕೋದು ಪಾರ್ಕುಗಳ ಒಟ್ಟು ಪ್ರವಾಸೋದ್ಯಮ ಆದಾಯದ ಮೇಲೆ, ಪರ್ಮಿಟ್ಟೂ ಸೇರಿ. ಹಾಗಾಗಿ ನಿಮ್ಮ ಕೈಗೆ ಈ ಪಾಲಿನ ಆದೇಶದ ಪ್ರತಿ ಬಂದಾಗ ಪರ್ಸೆಂಟ್ ಪಕ್ಕದಲ್ಲಿ ಏನು ಬರೆದಿದಾರೆ ನೋಡಿ. ಬರೀ ಪ್ರವೇಶ ಶುಲ್ಕನಾ, ಸಫಾರಿ ಜೀಪಿನ ದುಡ್ಡೂ ಸೇರತ್ತಾ, ಕ್ಯಾಮೆರಾ ಶುಲ್ಕ, ಪಾರ್ಕಿಂಗು, ಒಳಗಿನ ಲಾಡ್ಜು, ರೆಸಾರ್ಟಿನವರು ಕಟ್ಟೋ ಫೀಸು, ಇವೆಲ್ಲ ಒಂದೊಂದಾಗಿ ಕೇಳಿ ಬರೆಸ್ಕೊಳ್ಳಿ.

ಇನ್ನೊಂದು, ದುಡ್ಡು ಆಯಾ ಪಾರ್ಕಿಂದ ಆಯಾ ಪಾರ್ಕಿನ ಊರಿಗೆ ಮಾತ್ರನಾ ಅಥವಾ ಎಲ್ಲಾ ಸೇರಿಸಿ ಹಂಚ್ತಾರಾ? ರುವಾಂಡಾದಲ್ಲಿ ಎಲ್ಲಾ ಪಾರ್ಕಿನದ್ದೂ ಒಂದು ಕಡೆ ಸೇರಿಸಿ ಹಂಚ್ತಾರೆ, ಯಾಕಂದ್ರೆ ಗೊರಿಲ್ಲಾ ಇರೋ ವಾಲ್ಕನೋಸ್ ಪಾರ್ಕಿಗೆ ಬರೋ ದುಡ್ಡು ಬೇರೆದಕ್ಕೆ ಬರಲ್ಲ. ನೇಪಾಳದಲ್ಲಿ ಆಯಾ ಪಾರ್ಕಿನದ್ದು ಆಯಾ ಬಫರ್ ಜೋನಿಗೆ, ಅಂದ್ರೆ ಪಾರ್ಕಿನ ಸುತ್ತ ಗುರುತು ಮಾಡಿರೋ ಪ್ರದೇಶಕ್ಕೆ, ಹಾಗಾಗಿ ಟೂರಿಸ್ಟ್ ಜಾಸ್ತಿ ಬರೋ ಚಿತ್ವನ್ ಪಾರ್ಕಿನ ಸುತ್ತಲ ಊರುಗಳಿಗೆ ಚೆನ್ನಾಗಿ ಬರತ್ತೆ, ಟೂರಿಸ್ಟ್ ಕಡಿಮೆ ಇರೋ ಪಾರ್ಕಿನ ಊರಿನವರೂ ಅದೇ ಥರ ಆನೆ ಹುಲಿ ಸಹಿಸ್ಕೊಂಡು ಬದುಕಿದ್ರೂ ಅವರಿಗೆ ಸಿಗೋದು ತೀರಾ ಕಡಿಮೆ. ನಿಮ್ಮ ಪಾರ್ಕಿಗೆ ಟೂರಿಸ್ಟ್ ಬರೋದೇ ಅಪರೂಪ ಅಂದ್ರೆ ಈ ದುಡ್ಡಿನ ಮೇಲೆ ಜಾಸ್ತಿ ಆಸೆ ಇಟ್ಕೋಬೇಡಿ, ಬೇರೆ ದಾರಿ ಕೇಳಿ, ಮುಂದೆ ಹೇಳ್ತೀನಿ.

ನೇಪಾಳದ್ದು ವಿವರವಾಗಿ ಹೇಳ್ತೀನಿ, ಕಮಿಟಿ ಮಾಡೋರಿಗೆ ಅದೇ ಜಾಸ್ತಿ ಉಪಯೋಗ. ಅಲ್ಲಿ 1973ರ ಪಾರ್ಕ್ ಕಾನೂನಿಗೆ 1993ರಲ್ಲಿ ತಿದ್ದುಪಡಿ ತಂದು ಬಫರ್ ಜೋನ್ ಅಂತ ಸೇರಿಸಿದ್ರು, 1996ರಲ್ಲಿ ನಿಯಮಾವಳಿ ಬಂತು, ಪಾರ್ಕ್ ಆದಾಯದಲ್ಲಿ 30ರಿಂದ 50 ಪರ್ಸೆಂಟ್ ಬಫರ್ ಜೋನಿನ ಜನಕ್ಕೆ ಹೋಗತ್ತೆ. ವ್ಯವಸ್ಥೆ ಮೂರು ಹಂತದ್ದು, ಕೆಳಗೆ ಕೇರಿ ಮಟ್ಟದ ಬಳಕೆದಾರರ ಗುಂಪುಗಳು, ಅವುಗಳ ಮೇಲೆ ಬಳಕೆದಾರರ ಸಮಿತಿ, ಎಲ್ಲಕ್ಕೂ ಮೇಲೆ ಒಂದು ನಿರ್ವಹಣಾ ಸಮಿತಿ, ಅದರ ಅಧ್ಯಕ್ಷರು ಜನರ ಕಡೆಯವರು, ಪಾರ್ಕಿನ ವಾರ್ಡನ್ ಸದಸ್ಯ ಕಾರ್ಯದರ್ಶಿ. ದುಡ್ಡು ಹೇಗೆ ಖರ್ಚು ಮಾಡಬೇಕು ಅಂತಾನೂ ಮಾರ್ಗಸೂಚಿಯಲ್ಲಿ ಮೊದಲೇ ಪಾಲು ಹಾಕಿಟ್ಟಿದಾರೆ, ಸಂರಕ್ಷಣೆಗೆ 30, ಊರಿನ ಅಭಿವೃದ್ಧಿಗೆ 30, ಆದಾಯ ತರೋ ಕೆಲಸ ಮತ್ತೆ ತರಬೇತಿಗೆ 20, ಜಾಗೃತಿಗೆ 10, ಆಡಳಿತಕ್ಕೆ 10. ನನಗೆ ಇದ್ರಲ್ಲಿ ತುಂಬಾ ಹಿಡಿಸೋದು ಆಡಳಿತಕ್ಕೆ ಹಾಕಿರೋ ಆ 10ರ ಮಿತಿ. ಅದು ಇಲ್ಲದಿದ್ರೆ ಮೀಟಿಂಗ್ ಖರ್ಚು, ಓಡಾಟದ ಖರ್ಚು, ಆಫೀಸು ಕಂಪ್ಯೂಟರು ಅಂತಾನೇ ಅರ್ಧ ಕರಗತ್ತೆ. ನಿಮ್ಮ ಬೈಲಾದಲ್ಲಿ ಈ ಸಾಲು ಹಾಕಿಸಿ, ಯಾರು ಎಷ್ಟೇ ಬೇಡ ಅಂದ್ರೂ ಬಿಡಬೇಡಿ.

ಈಗ ಭವನದ ಮಾತಿಗೆ ಬರೋಣ. ರಸ್ತೆ, ಶಾಲೆ ಕಟ್ಟಡ, ಭವನ, ಇವೆಲ್ಲ ಎಲ್ಲಾ ಕಡೆನೂ ಮೊದಲು ಆಗೋ ಕೆಲಸ, ಯಾಕಂದ್ರೆ ಫೋಟೋಗೆ ಚೆನ್ನಾಗಿರತ್ತೆ, ಬೋರ್ಡ್ ಹಾಕಬಹುದು, ಲೆಕ್ಕ ತೋರಿಸೋದೂ ಸುಲಭ. ಬ್ವಿಂಡಿಯಲ್ಲೂ ಶುರುವಲ್ಲಿ ಹಾಗೇ ಆಯ್ತು, ಜಿಲ್ಲಾಡಳಿತದ ಮೂಲಕ ಬಂದ ದುಡ್ಡು ಶಾಲೆ ಆಸ್ಪತ್ರೆ ರಸ್ತೆಗೆ ಹೋಯ್ತು, ಶಾಲೆ ಬೇಡ ಅಂತ ಯಾರೂ ಅನ್ನಲ್ಲ, ಆದ್ರೆ ಕಾಡಂಚಲ್ಲಿ ರಾತ್ರಿಯೆಲ್ಲ ಬೆಳೆ ಕಾಯೋ ಮನೆಯವರು ನಮಗೇನು ಬಂತು ಅಂತ ಕೇಳಿದ್ರು. ಬೆಳೆ ಕಾಯೋದು ಅಂದ್ರೆ ಬರೀ ನಿದ್ದೆ ಹೋಗೋದಲ್ಲ, ಮಕ್ಕಳು ಶಾಲೆ ಬಿಟ್ಟು ಮಂಗ ಓಡಿಸ್ತಾ ಕೂರಬೇಕು, ಮನೆಯ ಒಬ್ಬರು ಕೂಲಿಗೆ ಹೋಗೋ ಹಾಗಿಲ್ಲ, ಆ ಮಗುಗೆ ಹೊಸ ಶಾಲೆ ಕಟ್ಟಡ ಕೊಟ್ರೆ ಅದು ಹೋಗಕ್ಕಾಗಬೇಕಲ್ವಾ. ಆಮೇಲೆ ಅಲ್ಲಿ ಮಾರ್ಗಸೂಚಿ ಬದಲಾಯಿಸಿ, ಪಾರ್ಕಿಗೆ ನೇರ ತಾಗಿಕೊಂಡಿರೋ ಹಳ್ಳಿಗಳಿಗೆ ಮೊದಲ ಆದ್ಯತೆ ಅಂತ ಮಾಡಿ, ಮನೆ ಮಟ್ಟಕ್ಕೆ ತಲುಪೋ ಕೆಲಸ, ಆಡು ಕೊಡೋದು, ಬಿತ್ತನೆ ಆಲೂಗಡ್ಡೆ ಕೊಡೋದು, ಇಂಥವಕ್ಕೆ ತಿರುಗಿಸಿದ್ರು. ನೀವೂ ಊರಿನ ನಕ್ಷೆ ಒಂದು ತಗೊಂಡು ಕಾಡಿಗೆ ತಾಗಿರೋ ಸರ್ವೆ ನಂಬರುಗಳನ್ನ ಗುರುತು ಹಾಕಿ, ಹಿಂದಿನ ಎರಡು ಮೂರು ಹಂಗಾಮಲ್ಲಿ ಎಲ್ಲೆಲ್ಲಿ ಬೆಳೆ ಹೋಯ್ತು ಅಂತ ಬರೆದು ಸಭೆಯಲ್ಲಿ ಗೋಡೆಗೆ ಅಂಟಿಸಿ. ಮಾತಿಗಿಂತ ಆ ನಕ್ಷೆ ಕೆಲಸ ಮಾಡತ್ತೆ.

ಮನೆಗಿಷ್ಟು ಅಂತ ನಗದು ಹಂಚೋದಕ್ಕೆ ನಾನು ಪೂರ್ತಿ ವಿರೋಧಿ ಅಲ್ಲ, ಆದ್ರೆ ಊರಿನ ಎಲ್ಲಾ ಮನೆಗೂ ಸಮ ಹಂಚಿದ್ರೆ ಒಂದೊಂದು ಮನೆಗೆ ಬರೋದು ಒಂದು ಸಂತೆಯಲ್ಲಿ ಖರ್ಚಾಗೋಷ್ಟು, ಮತ್ತೆ ಕಾಡಂಚಿನವನಿಗೂ ಅಷ್ಟೇ, ಪ್ರಾಣಿ ಮುಖಾನೇ ನೋಡದೋನಿಗೂ ಅಷ್ಟೇ.

ಬೇಲಿ ಕೇಳ್ತೀವಿ ಅನ್ನೋರಿಗೆ ಒಂದು ಮಾತು. ಸೋಲಾರ್ ತಂತಿ ಬೇಲಿ ಚೆನ್ನಾಗಿ ಕೆಲಸ ಮಾಡತ್ತೆ, ಕಾಳಜಿ ಮಾಡಿದ್ರೆ ಮಾತ್ರ. ಮಳೆಗಾಲದಲ್ಲಿ ಹುಲ್ಲು ಬೆಳೆದು ಕೆಳಗಿನ ತಂತಿಗೆ ತಾಗಿದ್ರೆ ಕರೆಂಟು ಅಲ್ಲೇ ನೆಲಕ್ಕಿಳಿಯತ್ತೆ, ಬೇಲಿಗೆ ಕರೆಂಟು ಬಿಡೋ ಎನರ್ಜೈಸರ್ ಪೆಟ್ಟಿಗೆ ಟಿಕ್ ಟಿಕ್ ಅಂತಾನೇ ಇರತ್ತೆ ಆದ್ರೆ ದೂರದ ತುದಿಯಲ್ಲಿ ಹೊಡೆತ ಇರಲ್ಲ, ಆನೆ ಅದನ್ನ ಬೇಗ ಕಂಡ್ಹಿಡಿಯತ್ತೆ, ಕಂಬ ಮುರಿದು ದಾಟತ್ತೆ. ಬ್ಯಾಟರಿಗೆ ನೀರು ಹಾಕೋರು ಯಾರು, ವಾರಕ್ಕೊಂದ್ಸಲ ವೋಲ್ಟೇಜ್ ನೋಡೋರು ಯಾರು, ಬೇಲಿ ಕೆಳಗಿನ ಹುಲ್ಲು ಸವರೋ ಕೂಲಿ ಯಾವ ಲೆಕ್ಕದಿಂದ, ಇದು ಬರೆದಿಲ್ಲದ ಬೇಲಿ ಅರ್ಜಿ ಹಾಕಲೇಬೇಡಿ. ಬೇಲಿ ಹಾಕೋ ದುಡ್ಡು ಒಂದ್ಸಲ ಸಿಗತ್ತೆ, ನಿರ್ವಹಣೆ ದುಡ್ಡು ಪ್ರತಿವರ್ಷ ಬೇಕು, ಟಿಕೆಟ್ ಪಾಲು ಪ್ರತಿವರ್ಷ ಬರೋದ್ರಿಂದ ಅದು ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಬೆಳೆ ಬದಲಾಯಿಸೋದೂ ಒಂದು ದಾರಿ, ಬ್ವಿಂಡಿ ಮತ್ತೆ ರುವಾಂಡಾದ ನ್ಯೂಂಗ್ವೆ ಪಾರ್ಕಿನ ಅಂಚಲ್ಲಿ ಪ್ರಾಣಿ ತಿನ್ನದ ಟೀ ಗಿಡದ ಪಟ್ಟಿ ಬೆಳೆಸಿರೋದು ಇದೇ ಲೆಕ್ಕದಲ್ಲಿ, ಆದ್ರೆ ಅದು ಒಂದೆರಡು ಮನೆ ಮಾಡಿದ್ರೆ ಆಗಲ್ಲ, ಸಾಲಾಗಿ ಆಗಬೇಕು.

ಗೋಬರ್ ಗ್ಯಾಸ್ ಕೂಡ ನೇಪಾಳದ ಬಫರ್ ಜೋನಲ್ಲಿ ತುಂಬಾ ಮಾಡಿದಾರೆ, ಕಾಡಿಗೆ ಸೌದೆಗೆ ಹೋಗೋದು ಕಡಿಮೆ ಆಗತ್ತೆ, ಹೊಗೆ ತಪ್ಪತ್ತೆ, ದನ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸೋ ಅಭ್ಯಾಸ ಬರತ್ತೆ. ಆದ್ರೆ ಮನೆಯಲ್ಲಿ ದನ ಇರಬೇಕು, ತೊಟ್ಟಿಗೆ ಜಾಗ ಇರಬೇಕು, ಸಬ್ಸಿಡಿ ಬಿಟ್ಟು ಉಳಿದ ಪಾಲು ಹಾಕಕ್ಕೆ ಕೈಯಲ್ಲಿ ಸ್ವಲ್ಪ ಇರಬೇಕು. ಇವು ಮೂರೂ ಇಲ್ಲದ ಮನೆಗೇ ಸೌದೆಗೆ ಕಾಡು ಬೇಕಾಗಿರೋದು, ಆ ಮನೆಯ ಹೆಂಗಸರೇ ತಲೆ ಮೇಲೆ ಹೊರೆ ಹೊತ್ತು ಗಾರ್ಡಿಗೆ ಸಿಕ್ಕಿಬೀಳೋದು. ಇದು ನನ್ನನ್ನ ಈ ಯೋಜನೆಗಳಲ್ಲಿ ಅತೀ ಕಾಡೋ ವಿಷಯ. ಬ್ವಿಂಡಿಯ ಬಟ್ವಾ ಜನ ಕಾಡಲ್ಲೇ ಬದುಕಿದೋರು, 1991ರಲ್ಲಿ ಪಾರ್ಕ್ ಆದಾಗ ಅವರನ್ನ ಹೊರಗೆ ಹಾಕಿದ್ರು, ಅವರಿಗೆ ಹೊಲ ಇಲ್ಲ, ಹೊಲ ಇಲ್ಲ ಅಂದ್ಮೇಲೆ ಬೆಳೆ ಹಾನಿ ಪಟ್ಟಿಯಲ್ಲಿ ಹೆಸರಿಲ್ಲ, ಕಮಿಟಿ ಸಭೆಯಲ್ಲಿ ಬಾಯಿಲ್ಲ. ಕಳಕೊಂಡಿದ್ದು ಎಲ್ಲರಿಗಿಂತ ಜಾಸ್ತಿ. ನಾನು ಮೇಲೆ ಹೊಲದ ನಕ್ಷೆ ಮಾಡಿ ಅಂದೆ, ಅದರ ಜೊತೆಗೆ ಹೊಲ ಇಲ್ಲದೋರ ಪಟ್ಟಿಯೊಂದು ಪ್ರತ್ಯೇಕ ಮಾಡಿ, ಜೇನು, ಸೊಪ್ಪು, ಬಿದಿರು, ಸೌದೆ ಅಂತ ಯಾರ್ಯಾರು ಯಾವುದಕ್ಕೆ ಕಾಡಿಗೆ ಹೋಗ್ತಿದ್ರು ಈಗ ಹೋಗಕ್ಕಾಗ್ತಿಲ್ಲ ಅಂತ. ಅವರಿಗೆ ಕಮಿಟಿಯಲ್ಲಿ ಸೀಟು ಮೀಸಲಿಡಿ, ಹೆಂಗಸರಿಗೂ.

ಎಲ್ಲಾ ದುಡ್ಡಲ್ಲೇ ಆಗಬೇಕು ಅಂತಿಲ್ಲ. ಟೂರಿಸ್ಟ್ ಕಡಿಮೆ ಇರೋ ಪಾರ್ಕಿನವರು ಇದನ್ನ ಗಮನಿಸಿ. ಚಿತ್ವನ್ನಲ್ಲಿ ವರ್ಷಕ್ಕೊಂದ್ಸಲ ಕೆಲವು ದಿನ ಊರಿನವರು ಒಳಗೆ ಹೋಗಿ ಮನೆ ಹೊದಿಸೋ ಹುಲ್ಲು, ಜೊಂಡು ಕೊಯ್ದು ತರಕ್ಕೆ ಬಿಡ್ತಾರೆ, ಬ್ವಿಂಡಿಯಲ್ಲೂ ಕಾಡಿನ ಕೆಲವು ಭಾಗಗಳಲ್ಲಿ ಜೇನು ಪೆಟ್ಟಿಗೆ ಇಡಕ್ಕೆ, ಔಷಧಿ ಗಿಡ ತರಕ್ಕೆ ಒಪ್ಪಂದ ಇದೆ. ಕೇರಳದ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ್ದು ನನಗೆ ಬಹಳ ಇಷ್ಟ, ಅಲ್ಲಿ ಕಾಡಿನ ದಾಲ್ಚಿನ್ನಿ ತೊಗಟೆ ಕದ್ದು ಮಾರ್ತಿದ್ದೋರನ್ನೇ ಸೇರಿಸಿ ಪರಿಸರ ಅಭಿವೃದ್ಧಿ ಸಮಿತಿ ಮಾಡಿದ್ರು, ಕಾಡಿನ ಒಂದೊಂದು ದಾರಿಯೂ ಗೊತ್ತಿರೋ ಜನ, ಅವರೇ ಈಗ ಟ್ರೆಕ್ಕಿಂಗ್ ಗೈಡುಗಳು, ಕಾವಲೂ ಅವರದ್ದೇ, ಅಲ್ಲಿನ ಹೆಂಗಸರು ವಸಂತ ಸೇನೆ ಅಂತ ಮಾಡ್ಕೊಂಡು ಸರದಿ ಮೇಲೆ ಕಾಡು ಕಾಯ್ತಾರೆ. ಭವನದಿಂದ ಒಂದು ಮನೆಗೂ ತಿಂಗಳ ಸಂಬಳ ಬರಲ್ಲ, ಗೈಡ್ ಕೆಲಸದಿಂದ ಬರತ್ತೆ. ದಕ್ಷಿಣ ಆಫ್ರಿಕಾದ ಕ್ರೂಗರ್ ಪಾರ್ಕಲ್ಲಂತೂ 1969ರಲ್ಲಿ ಎತ್ತಂಗಡಿಯಾದ ಮಕುಲೆಕೆ ಜನ 1998ರಲ್ಲಿ ತಮ್ಮ ಭೂಮಿಯ ಹಕ್ಕನ್ನೇ ವಾಪಸ್ ಪಡೆದ್ರು, ಭೂಮಿ ಪಾರ್ಕಾಗಿಯೇ ಉಳೀತು, ಅದರೊಳಗಿನ ಲಾಡ್ಜುಗಳಿಂದ ಬರೋ ಆದಾಯ ಅವರಿಗೆ. ಅದು ಎಲ್ಲರಿಗೂ ಆಗೋ ಮಾತಲ್ಲ, ಆದ್ರೆ ದಾನ ತಗೊಳ್ಳೋರ ಥರ ಕೂರಬೇಡಿ ಅನ್ನೋದಕ್ಕೆ ಹೇಳಿದೆ.

ನಿಮ್ಮದು ಯಾವ ಪಾರ್ಕ್ ಅಂತ ಹೇಳಿಲ್ಲ. ಭಾರತದ ಹುಲಿ ಸಂರಕ್ಷಿತ ಪ್ರದೇಶ ಆಗಿದ್ರೆ, ವನ್ಯಜೀವಿ ಕಾಯ್ದೆಗೆ 2006ರಲ್ಲಿ ಸೇರಿಸಿದ 38ಎಕ್ಸ್ ಕಲಂ ಪ್ರಕಾರ ಹುಲಿ ಸಂರಕ್ಷಣಾ ಪ್ರತಿಷ್ಠಾನ ಅಂತ ಇರಬೇಕು, ದುಡ್ಡು ಸಾಮಾನ್ಯವಾಗಿ ಅದರ ಮೂಲಕ ಬರತ್ತೆ, ಅದರ ವಾರ್ಷಿಕ ಲೆಕ್ಕ ಕೇಳಿ ತಗೊಳ್ಳಿ, ಕೊಡದಿದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ.

ಬೆಳೆ ಪರಿಹಾರವನ್ನ ಈ ಪಾಲಿನ ಜೊತೆ ಕಲಸಕ್ಕೆ ಬಿಡಬೇಡಿ, ಇದು ದೊಡ್ಡ ಅಪಾಯ. "ನಿಮಗೆ ಪಾಲು ಕೊಟ್ಟಿದೀವಲ್ಲ, ಪರಿಹಾರ ಅದರಲ್ಲೇ ತಗೊಳ್ಳಿ" ಅಂತ ಒಂದು ಮಾತು ಬಂದೇ ಬರತ್ತೆ. ರುವಾಂಡಾದಲ್ಲಿ ಪರಿಹಾರಕ್ಕೇ ಅಂತ ಬೇರೆ ಗ್ಯಾರಂಟಿ ಫಂಡ್ ಇದೆ. ಹಾನಿಗೆ ಕೊಡೋದು ಪರಿಹಾರ, ಪಾಲು ಅನ್ನೋದು ಆದಾಯದಲ್ಲಿನ ಭಾಗ, ಎರಡಕ್ಕೂ ಬೇರೆ ಬೇರೆ ಖಾತೆ ಇರಲಿ.

ಕೊನೆಗೆ, ಬಂದಿದ್ದೆಲ್ಲ ಆ ವರ್ಷವೇ ಖರ್ಚು ಮಾಡಬೇಡಿ. 2020ರಲ್ಲಿ ಪಾರ್ಕುಗಳು ಮುಚ್ಚಿದಾಗ ಟಿಕೆಟ್ ದುಡ್ಡು ನಿಂತೇ ಹೋಯ್ತು, ಆನೆ ಬರೋದು ನಿಲ್ಲಲಿಲ್ಲ. ಬ್ವಿಂಡಿಯಲ್ಲಿ 1990ರ ದಶಕದಲ್ಲೇ ಜಾಗತಿಕ ಪರಿಸರ ನಿಧಿಯ ದುಡ್ಡಲ್ಲಿ ಒಂದು ಟ್ರಸ್ಟ್ ಮಾಡಿ, ಅಸಲನ್ನ ಹೂಡಿಕೆ ಮಾಡಿಟ್ಟು ಬರೋ ಆದಾಯದಲ್ಲಿ 60 ಪರ್ಸೆಂಟ್ ಊರಿನ ಕೆಲಸಕ್ಕೆ, ಉಳಿದದ್ದು ಪಾರ್ಕ್ ನಿರ್ವಹಣೆ ಮತ್ತೆ ಸಂಶೋಧನೆಗೆ ಅಂತ ಇಟ್ರು. ಅಷ್ಟು ದೊಡ್ಡದು ನಮ್ಮ ಕೈಲಾಗಲ್ಲ, ಆದ್ರೆ ಪ್ರತಿವರ್ಷ ಒಂದು ಭಾಗ ಡಿಪಾಸಿಟ್ ಇಟ್ಟು ಬಡ್ಡಿಯಲ್ಲಿ ಬೇಲಿ ಕಾವಲಿನವರ ಕೂಲಿ ನಡೆಸೋದು ಆಗೋ ಕೆಲಸ. ಚೆಕ್ಕಿಗೆ ಇಬ್ಬರ ಸಹಿ, ಅದರಲ್ಲಿ ಒಬ್ಬರು ಕಾಡಂಚಿನ ಮನೆಯವರು, ಖರ್ಚಿನ ಪಟ್ಟಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣೋ ಗೋಡೆ ಮೇಲೆ.

ಸದ್ಯಕ್ಕೆ ಸಭೆಯಲ್ಲಿ ಯಾವ ಕಾಮಗಾರಿಗೂ ಒಪ್ಪಿಗೆ ಸಹಿ ಹಾಕಬೇಡಿ, ಮೊದಲು ಆದೇಶದ ಪ್ರತಿ ಮತ್ತೆ ಕಮಿಟಿ ಬೈಲಾದ ಕರಡು ಎರಡನ್ನೂ ಲಿಖಿತವಾಗಿ ಕೇಳಿ. ಸಿಕ್ಕಿದ ತಕ್ಷಣ ಹೆಸರು ನಂಬರು ಮುಚ್ಚಿ ಇಲ್ಲೇ ಫೋಟೋ ಹಾಕಿ, ಪ್ರವೇಶ ಶುಲ್ಕನಾ ಒಟ್ಟು ಆದಾಯನಾ ಅನ್ನೋ ಸಾಲು ಎಲ್ಲಿದೆ, ಪರಿಹಾರದ ಬಗ್ಗೆ ಏನು ಸೇರಿಸಿದಾರೆ ಅಂತ ಕೂತು ನೋಡೋಣ.