ಅಮ್ಮನ ಪಿಂಚಣಿ ಎಲ್ಲಿ ನಿಂತಿತು?

ಪ್ರಶ್ನೆ: ಅಮ್ಮನಿಗೆ 71 ವರ್ಷ. ಮೂರು ತಿಂಗಳಿಂದ ಸಂಧ್ಯಾ ಸುರಕ್ಷಾ ಹಣ ಬಂದಿಲ್ಲ. ಖಾತೆ ಸರಿಯಿದೆ ಅಂತಾರೆ ಬ್ಯಾಂಕಿನವರು. ಹೊಸ ಅರ್ಜಿ ಹಾಕಬೇಕೆ?

ಉತ್ತರ: ಈಗಲೇ ಬೇಡ. ಖಾತೆ ಸರಿಯಿದ್ದರೆ ಸಾಲದು. ತಿಂಗಳ 1,200 ರೂಪಾಯಿ ಆಧಾರ್ ಮೂಲಕ ಜಮೆಯಾಗುವುದರಿಂದ, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ಜೋಡಣೆ) ಕೊನೆಯದಾಗಿ ಯಾವ ಬ್ಯಾಂಕಿಗೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಸಂಘದ ಸಾಲಕ್ಕೋ ಗೃಹಲಕ್ಷ್ಮಿಗೋ ಅಮ್ಮ ಈಚೆಗೆ ಬೇರೆ ಖಾತೆ ತೆರೆದಿದ್ದರೆ ಮೊದಲು ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಎಷ್ಟೋ ಸಲ ಹಣ ಅಲ್ಲೇ ಬಿದ್ದಿರುತ್ತದೆ. ಮೈ ಆಧಾರ್ ಜಾಲತಾಣದಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದರೆ ಮ್ಯಾಪಿಂಗ್ ಆಗಿರುವ ಬ್ಯಾಂಕಿನ ಹೆಸರು ಕಾಣುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು, ಒಟಿಪಿ ಅದಕ್ಕೇ ಬರುವುದು. ಮ್ಯಾಪಿಂಗ್ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಲಿಖಿತ ಒಪ್ಪಿಗೆ ಕೊಟ್ಟು ಮಾಡಿಸಿ. 'ಆಧಾರ್ ಲಿಂಕ್ ಆಗಿದೆ' ಎಂಬ ಉತ್ತರಕ್ಕೆ ತೃಪ್ತರಾಗಬೇಡಿ, ಕೆವೈಸಿಗೆ (ಗ್ರಾಹಕರ ಗುರುತಿನ ದಾಖಲೆಗೆ) ಜೋಡಿಸಿದ್ದೇ ಬೇರೆ, ಮ್ಯಾಪಿಂಗೇ ಬೇರೆ.

ಮ್ಯಾಪಿಂಗ್ ಸರಿಯಿದ್ದೂ ಹಣವಿಲ್ಲವೇ? ಪಿಂಚಣಿ ಮಂಜೂರಾತಿ ಆದೇಶ, ಆಧಾರ್, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋಗಿ. ಪಿಂಚಣಿ ತಡೆಹಿಡಿದಿದ್ದರೆ ಕಾರಣ ಕೇಳಿ, ತಹಶೀಲ್ದಾರರಿಗೆ ಮನವಿ ಬರೆದು ಸ್ವೀಕೃತಿ ಪಡೆಯಿರಿ. ಅಮ್ಮನನ್ನು ಅಲೆಸಬೇಡಿ, ವಿಚಾರಣೆಗೆ ನೀವೇ ಹೋದರೆ ಸಾಕು.