ಆಪ್ತಸಲಹೆ ಪ್ರಕರಣ: ಖಾಲಿಯಾದ ಅಕ್ಷರ ತರಗತಿ ಮತ್ತು ದೇವರ ಚಿತ್ತ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆಯಲಾಗಿದೆ.)

ಮೂವತ್ತರ ಆಸುಪಾಸಿನ ಮಹಿಳೆ, ಮದುವೆಯಾಗಿಲ್ಲ. ಕರಾವಳಿಯ ಪ್ರೊಟೆಸ್ಟೆಂಟ್ ಮನೆತನ. ಬಿ.ಎಡ್. ಮುಗಿಸಿ ತಮ್ಮ ಚರ್ಚ್ ಸಭೆಯ ಮೂಲಕ ಸೇವೆಗೆ ಬಂದವರು. ಹೊಸನಗರ ತಾಲ್ಲೂಕಿನ ಒಂದು ಒಳಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಕೂಲಿಗೆ ಹೋಗುವ ಹೆಂಗಸರಿಗೆ ಸಂಜೆ ಆರೂವರೆಯಿಂದ ಓದು ಬರಹ ಕಲಿಸುತ್ತಿದ್ದಾರೆ. ಊರಿನವರು ಅವರನ್ನು ‘ಅಕ್ಕೋರು’ ಎನ್ನುತ್ತಾರೆ, ಇಲ್ಲಿಯೂ ಹಾಗೆಯೇ ಕರೆಯೋಣ.

ಯುಗಾದಿ ಕಳೆದು ತರಗತಿ ಶುರುವಾದಾಗ ಹದಿನಾರು ಮಂದಿ ಇದ್ದರು. ಜುಲೈನಲ್ಲಿ ಒಂಬತ್ತಾದರು, ನವೆಂಬರ್ ಹೊತ್ತಿಗೆ ಮೂವರು. ಆಪ್ತಸಲಹೆಗೆ ಬಂದ ಅಕ್ಕೋರು ಇದನ್ನು ನಮ್ಮಲ್ಲಿ ಹೇಳಿಕೊಂಡದ್ದು ಪಾಠದ ಸಮಸ್ಯೆಯಾಗಿ ಅಲ್ಲ. “ದೇವರು ನನ್ನನ್ನು ಇಲ್ಲಿಗೆ ಕರೆದದ್ದು ನಿಜವೇ ಆಗಿದ್ದರೆ ಹೀಗಾಗ್ತಿತ್ತಾ?” ಎಂಬುದು ಅವರ ಪ್ರಶ್ನೆ. ಅಮ್ಮನಿಂದ ದಿನಾ ಫೋನು: “ಬಂದುಬಿಡು ಮಗಾ, ದೇವರೇ ಬಾಗಿಲು ಮುಚ್ತಿದ್ದಾನೆ.” ಅವರನ್ನು ಕಳಿಸಿದ ಸಂಸ್ಥೆಯ ಮೇಲ್ವಿಚಾರಕರದ್ದು ಒಂದೇ ಮಾತು: ಇನ್ನಷ್ಟು ಪ್ರಾರ್ಥನೆ ಮಾಡಿ, ಇದು ವಿಶ್ವಾಸದ ಪರೀಕ್ಷೆ. ಹೀಗೆ ಒಂದೇ ಹಾಜರಿ ಪುಸ್ತಕವನ್ನು ಅಮ್ಮ ದೇವರ ನಿರಾಕರಣೆಯೆಂದು ಓದಿದರು, ಮೇಲ್ವಿಚಾರಕರು ಪರೀಕ್ಷೆಯೆಂದು, ಅಕ್ಕೋರು ಶಿಕ್ಷೆಯೆಂದು. ಹೆಂಗಸರು ಯಾಕೆ ಬರುತ್ತಿಲ್ಲ ಎಂದು ಅವರವರ ಮನೆ ಬಾಗಿಲಿಗೆ ಹೋಗಿ ಕೇಳಿದವರು ಯಾರೂ ಇರಲಿಲ್ಲ.

ಮೊದಲು ದೇಹ

ದೇವರ ಚಿತ್ತದ ಚರ್ಚೆಗೆ ಕೂರುವ ಮೊದಲು ನಿದ್ದೆ, ಊಟ, ಅಳು ಇವುಗಳ ವಿಚಾರಣೆ ಆಗಬೇಕು. ಅಕ್ಕೋರು ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಿದ್ದರು. ಮಧ್ಯಾಹ್ನದ ಊಟ ಎಷ್ಟೋ ದಿನ ಚಹಾ ಮತ್ತು ಬನ್ನು. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 12 ಅಂಕ ಬಂತು. ಇದರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಸಾಯುವ ಯೋಚನೆಯ ಬಗೆಗಿನ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಆದರೂ ಅದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಂಡೆವು, ಟೆಲಿ-ಮಾನಸ್‌ನ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಹಾಕಿಸಿದೆವು.

ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ‘ಪ್ರಾರ್ಥನೆಗೆ ಕೂತರೆ ಮನಸ್ಸು ನಿಲ್ಲುವುದಿಲ್ಲ, ನನ್ನ ವಿಶ್ವಾಸ ಆರಿದೆ’ ಎಂದು ಅವರು ಹೇಳುತ್ತಿದ್ದ ಸುಸ್ತಿನಲ್ಲಿ ಇದರ ಪಾಲು ಸಣ್ಣದಲ್ಲ. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದರು. ಅದನ್ನು ಚಹಾ, ಕಾಫಿ, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಒಂದು ಗಂಟೆಯಾದರೂ ಅಂತರವಿಟ್ಟು ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಳ್ಳಲು ಹೇಳಿದೆವು. ಇದೆಲ್ಲ ಆತ್ಮಿಕ ಸಲಹೆಯಲ್ಲ ಎಂದು ಅವರಿಗೆ ಬೇಸರವಾಯಿತು. ಆಗ ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯವನ್ನು ಒಟ್ಟಿಗೆ ಓದಿದೆವು. ‘ನನ್ನ ಪ್ರಾಣ ತೆಗೆದುಬಿಡು’ ಎಂದು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮಲಗಲು ಬಿಟ್ಟು ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರ ಮಾತು ಬಂದದ್ದು ಅದಾದ ಮೇಲೆ.

ಹಾಜರಿ ಪುಸ್ತಕವನ್ನು ಹಾಜರಿ ಪುಸ್ತಕವಾಗಿಯೇ ಓದುವುದು

ಮುಂದಿನ ವಾರದ ಕೆಲಸ ಹೀಗಿತ್ತು: ಬಿಟ್ಟುಹೋದ ಹದಿಮೂರು ಜನರ ಹೆಸರು ಬರೆಯಿರಿ, ಪ್ರತಿ ಹೆಸರಿನ ಎದುರು ಕೊನೆಯ ಬಾರಿ ಬಂದ ತಾರೀಕು ಹಾಕಿ, ಮನೆಗೆ ಹೋಗಿ ‘ಯಾಕೆ ಬರಲಿಲ್ಲ’ ಅನ್ನುವ ಬದಲು ‘ಸಂಜೆ ಹೊತ್ತು ಈಗ ಏನು ಕೆಲಸ’ ಎಂದು ಕೇಳಿ. ಮೊದಲ ಪ್ರಶ್ನೆಗೆ ನಾಚಿಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನಿಜವಾದ ಕಾರಣ ಹೊರಗೆ ಬರುತ್ತದೆ.

ಜುಲೈನಲ್ಲಿ ಬಿಟ್ಟವರದ್ದು ನಾಟಿ. ದಿನವಿಡೀ ಗದ್ದೆಯಲ್ಲಿ ಬಗ್ಗಿ, ಸಂಜೆ ಬಟ್ಟೆ ಒಣಗಿಸಿಕೊಳ್ಳುವುದೇ ದೊಡ್ಡ ಕೆಲಸ. ಅಕ್ಟೋಬರ್ ನಂತರ ಬಿಟ್ಟವರಲ್ಲಿ ಹೆಚ್ಚಿನವರು ಅಡಿಕೆ ಸುಲಿಯಲು ಹೋಗುತ್ತಿದ್ದರು. ಗೊನೆ ಕೊಯ್ದ ಹಸಿ ಅಡಿಕೆಯನ್ನು ತಡ ಮಾಡದೆ ಸುಲಿದು ಬೇಯಿಸಬೇಕು, ಹಾಗಾಗಿ ರಾತ್ರಿ ಹತ್ತು ಹನ್ನೊಂದರವರೆಗೂ ಮೆಟ್ಟುಗತ್ತಿ ಮುಂದೆ ಕೂರುತ್ತಾರೆ. ಡಬ್ಬ ಲೆಕ್ಕದಲ್ಲಿ ದುಡ್ಡು. ವರ್ಷದ ಗಳಿಕೆಯ ದೊಡ್ಡ ಭಾಗ ಈ ಮೂರು ನಾಲ್ಕು ತಿಂಗಳಲ್ಲೇ ಬರುವಾಗ ಯಾರೂ ಆರೂವರೆಗೆ ಸ್ಲೇಟು ಹಿಡಿದು ಬರುವುದಿಲ್ಲ, ಬರಬೇಕೆಂದು ಬಯಸುವುದು ನ್ಯಾಯವೂ ಅಲ್ಲ.

ಇಬ್ಬರ ಮನೆಯಲ್ಲಿ ಬೇರೆಯೇ ಉತ್ತರ. “ಅಕ್ಕೋರೆ, ಅಕ್ಷರ ಇರುವೆ ಸಾಲಿನಂಗೆ ಹರಿದಾಡ್ತಾವೆ, ನನ್ನ ತಲೆಗೆ ಇದು ಹತ್ತಲ್ಲ ಬಿಡಿ” ಎಂದರು ನಲವತ್ತೆಂಟರ ಒಬ್ಬರು. ಅದು ತಲೆಯ ಕೊರತೆಯಲ್ಲ, ವಯಸ್ಸಾದಂತೆ ಹತ್ತಿರದ್ದು ಮಸುಕಾಗುವ ಚಾಳೀಸು. ನಲವತ್ತು ದಾಟಿದವರಿಗೆ ಪಾಠ ಶುರುಮಾಡುವ ಮೊದಲೇ ಪುಸ್ತಕವನ್ನು ಒಂದಡಿ ಮೇಲ್ಪಟ್ಟು ದೂರದಲ್ಲಿ ಹಿಡಿಸಿ ನೋಡಬೇಕು. ತೋಳು ಚಾಚಿ ದೂರ ಹಿಡಿದರೆ, ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತಾರೆ ಎಂದಾದರೆ, ಕನ್ನಡಕ ಬೇಕು. ಸಾಮಾನ್ಯವಾಗಿ ನಲವತ್ತರ ಆಸುಪಾಸಿಗೆ +1, ಐವತ್ತಕ್ಕೆ +1.5ರಿಂದ +2, ಅರವತ್ತಕ್ಕೆ +2.5 ಹೊಂದುತ್ತದೆ. ಆದರೆ ಕಣ್ಣಿನ ಪೊರೆಯೋ ಬೇರೇನೋ ಇದ್ದರೆ ಗೊತ್ತಾಗಲೆಂದು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸುವುದೇ ಸರಿ. ಜೊತೆಗೆ, ಆ ಕೋಣೆಯಲ್ಲಿದ್ದದ್ದು ಒಂದೇ ಬಲ್ಬು, ಅದೂ ಕಲಿಯುವವರ ಬೆನ್ನ ಹಿಂದೆ. ಅವರವರ ನೆರಳೇ ಅವರವರ ಪುಸ್ತಕದ ಮೇಲೆ.

ಪಾಠದ ಕ್ರಮದಲ್ಲೂ ತೊಡಕಿತ್ತು. ಅ ಆ ಇ ಈ ಎಂದು ವರ್ಣಮಾಲೆ ಹಿಡಿದು ಹೊರಟಿದ್ದರು. ಎರಡು ತಿಂಗಳಾದರೂ ಒಂದು ಪದ ಓದಲಾಗದಿದ್ದರೆ ದೊಡ್ಡವರು ಕೈಬಿಡುತ್ತಾರೆ. 49 ಅಕ್ಷರ ಬಾಯಿಪಾಠ ಬಂದರೂ ಅದು ಓದಲ್ಲ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಮಾಡುವಂತೆ ರ, ಗ, ಸ, ದ, ಅ ಇಷ್ಟರಿಂದ ಶುರುಮಾಡಿದರೆ ಮೊದಲ ವಾರವೇ ಸರ, ದರ, ಗರಗಸ ಓದಬಹುದು. ಗುಣಿತಾಕ್ಷರಗಳನ್ನು ಒಂದೊಂದೇ ಸ್ವರವಾಗಿ ತನ್ನಿ. ಒತ್ತಕ್ಷರದಲ್ಲಿ ಅಕ್ಕ, ಅಮ್ಮ, ಡಬ್ಬದಂತೆ ಅದೇ ಅಕ್ಷರದ ಒತ್ತು ಮೊದಲು, ರಸ್ತೆ, ಪುಸ್ತಕದಂಥವು ಆಮೇಲೆ. ಅಂಕಿಗಳು ಮಾತ್ರ ಪಾಸ್‌ಬುಕ್ಕಿನಲ್ಲೂ ಫೋನಿನಲ್ಲೂ ಇರುವ 1, 2, 3.

ನವೆಂಬರ್ ಕೊನೆಯಿಂದ ತರಗತಿ ಅಡಿಕೆ ಚಪ್ಪರಕ್ಕೇ ಹೋಯಿತು, ಮನೆಯೊಡೆಯರ ಒಪ್ಪಿಗೆ ಕೇಳಿ, ಮಧ್ಯಾಹ್ನ ಊಟದ ನಂತರ ಇಪ್ಪತ್ತು ನಿಮಿಷ. ಪಾಠದ ಪುಸ್ತಕ ಅಂದರೆ ಸುಲಿಗೆಯ ಚೀಟಿ: ತಾರೀಕು, ಹೆಸರು, ಡಬ್ಬ, ದರ, ಒಟ್ಟು. ಚೊಗರು ಹತ್ತಿ ಕಪ್ಪಾದ ಬೆರಳಲ್ಲಿ ಪೆನ್ಸಿಲು ಜಾರುತ್ತದೆಂದು ಒಬ್ಬರು ಅದಕ್ಕೆ ಬಟ್ಟೆಯ ಚೂರು ಸುತ್ತಿಕೊಂಡರು. ತಮ್ಮ ಹೆಸರಿನ ಮುಂದೆ 7 ಎಂದು ತಾವೇ ಬರೆದು, ಯಜಮಾನರ ಪುಸ್ತಕದ 7ರ ಜೊತೆ ತಾಳೆ ನೋಡಿದರು.

ಯೋಜನೆ ಯಾರದ್ದು, ಪಾಲು ಯಾರದ್ದು

ಅಕ್ಕೋರ ಕೋಣೆಯ ಗೋಡೆಯಲ್ಲಿ ಯೆರೆಮೀಯ 29:11 ತೂಗುತ್ತಿತ್ತು, ದೇವರು ನಿಮ್ಮ ವಿಷಯದಲ್ಲಿ ಮಾಡಿರುವ ಆಲೋಚನೆ ಹಿತದ್ದೇ ಎಂಬ ಭರವಸೆಯ ವಚನ. ಅದನ್ನು ಒಂಟಿಯಾಗಿ ಓದಿದರೆ ಬೇಗ ಒಳ್ಳೆಯದಾಗುತ್ತದೆ ಎಂಬ ಮಾತಿನಂತೆ ಕೇಳಿಸುತ್ತದೆ. ಹಾಗಾಗದಿದ್ದಾಗ ತಪ್ಪು ನನ್ನದೇ ಎನಿಸುತ್ತದೆ. ಆದರೆ ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಕಾಗದ. ಹತ್ತನೆಯ ವಚನದಲ್ಲಿ ಎಪ್ಪತ್ತು ವರ್ಷದ ಮಾತಿದೆ. ಐದನೆಯದರಲ್ಲಿ, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ಉಣ್ಣಿ ಎಂದಿದೆ. ವಾರವಾರ ಆಕಾಶ ನೋಡಿ ಶಕುನ ಕೇಳಿ ಎಂದು ಎಲ್ಲೂ ಇಲ್ಲ. ಐದರಿಂದ ಹನ್ನೊಂದರವರೆಗೆ ಪೂರ್ತಿ ಬರೆದು ಗೋಡೆಗೆ ಹಚ್ಚಲು ಹೇಳಿದೆವು.

ಪ್ರತಿ ಶನಿವಾರ ಒಂದು ಹಾಳೆಯ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ನನ್ನ ಕೈಲಿರುವುದು: ಸಮಯ, ಬೆಳಕು, ಕನ್ನಡಕ, ಪಾಠದ ತಯಾರಿ, ನನ್ನ ನಿದ್ದೆ. ಬಲಕ್ಕೆ ನನ್ನ ಕೈಲಿಲ್ಲದ್ದು: ಮಳೆ, ಅಡಿಕೆ ಧಾರಣೆ, ಒಬ್ಬರ ಗಂಡನ ಕುಡಿತ, ಯಾರ ಮನಸ್ಸು ಯಾವಾಗ ತೆರೆಯುತ್ತದೆ ಎಂಬುದು. ಎಡದ್ದನ್ನು ಮಾಡಿ, ಬಲದ್ದನ್ನು ಹೆಸರು ಹಿಡಿದು ಪ್ರಾರ್ಥಿಸಿ ಒಪ್ಪಿಸಿ. ಎಡದ್ದನ್ನು ಬಲಕ್ಕೆ ಬರೆಯುವುದನ್ನು ಭರವಸೆ ಎನ್ನಲಾಗದು. ಬಲದ್ದನ್ನು ಎಡಕ್ಕೆ ಬರೆದುಕೊಂಡವರು ವರ್ಷದೊಳಗೆ ಕುಸಿಯುತ್ತಾರೆ. ತರಬೇತಿಯಲ್ಲಿ ಕೇಳಿದ, ಕನ್ನಡ ನಿಘಂಟು ರಚಿಸಿದ ಜರ್ಮನ್ ಮಿಷನರಿ ಕಿಟೆಲ್ ಅವರ ಜೊತೆ ತಮ್ಮನ್ನು ಹೋಲಿಸಿಕೊಂಡು ಅಕ್ಕೋರು ನೊಂದಿದ್ದರು. ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ಏಳೆಂಟು ತಿಂಗಳ ಹಾಜರಿಯನ್ನು ಅದರ ಪಕ್ಕ ಇಟ್ಟು ಅಳೆಯುವುದು ಸರಿಯಲ್ಲ.

ಒಂದು ವಿಷಯದಲ್ಲಿ ನಮ್ಮ ಸಲಹೆ ಖಡಾಖಂಡಿತವಾಗಿತ್ತು. ತರಗತಿಯ ಕೊನೆಗೆ ಐದು ನಿಮಿಷ ಪ್ರಾರ್ಥನೆ ನಡೆಯುತ್ತಿತ್ತು. ಇಬ್ಬರು ಸೊಸೆಯಂದಿರನ್ನು ಮನೆಯವರು ಬಿಡಿಸಿದ್ದು ಅದಕ್ಕೇ. 2022ರ ಕರ್ನಾಟಕದ ಮತಾಂತರ ಸಂಬಂಧಿ ಕಾಯ್ದೆ ಧಾರ್ಮಿಕ ಸಂಸ್ಥೆಯ ಶಾಲೆಯ ಉಚಿತ ಶಿಕ್ಷಣವನ್ನೂ ‘ಆಮಿಷ’ದ ವ್ಯಾಖ್ಯೆಯೊಳಗೆ ತಂದಿತ್ತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಕಾಯ್ದೆಯ ಮಾತು ಬಿಟ್ಟರೂ, ಅಕ್ಷರ ಬೇಕಾದವರು ಅದಕ್ಕಾಗಿ ಪ್ರಾರ್ಥನೆಗೆ ಕೂರಬೇಕಾದ ಇಕ್ಕಟ್ಟು ಇರಕೂಡದು. ಪಾಠ ಪಂಚಾಯಿತಿಯ ಅರಿವು ಕೇಂದ್ರದಲ್ಲೋ (ಗ್ರಂಥಾಲಯ) ಅಂಗನವಾಡಿಯಲ್ಲೋ ಲಿಖಿತ ಅನುಮತಿಯೊಂದಿಗೆ ನಡೆಯಲಿ. ಆರಾಧನೆ ಬೇರೆ ದಿನ, ಬೇರೆ ಜಾಗದಲ್ಲಿ. ‘ನೀವು ಯಾಕೆ ಬಂದಿರಿ’ ಎಂದು ಯಾರಾದರೂ ಕೇಳಿದರೆ ಮುಚ್ಚಿಡದೆ ಹೇಳಿ. ಮೊದಲಿಗೆ ಅಕ್ಕೋರಿಗೆ ಇದು ತಮ್ಮ ವಿಶ್ವಾಸಕ್ಕೆ ಸಾಕ್ಷಿ ಹೇಳುವುದನ್ನೇ ಬಿಟ್ಟಂತೆ ಕಂಡಿತು, ಅತ್ತರು. ಎರಡು ವಾರ ಯೋಚಿಸಿ ಒಪ್ಪಿದರು.

ಹೋಗುವುದೋ ಇರುವುದೋ

ಮನಸ್ಸು ಕತ್ತಲಲ್ಲಿದ್ದಾಗ ಮೊದಲಿನ ನಿರ್ಧಾರ ಬದಲಿಸಬೇಡಿ ಎಂಬುದು 16ನೇ ಶತಮಾನದ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೋಲಾ ಹೇಳಿಕೊಟ್ಟ ನಿಯಮ. ಪ್ರೊಟೆಸ್ಟೆಂಟರಿಗೂ ಅದು ಉಪಯೋಗಕ್ಕೆ ಬರುತ್ತದೆ. ಅಡಿಕೆ ಮುಗಿದು ಫೆಬ್ರವರಿ ಕೊನೆಗೆ ನಿರ್ಧರಿಸುವುದೆಂದು ತಾರೀಕು ಇಟ್ಟೆವು. ಅಮ್ಮನಿಗೆ ಹೇಳಲು ಒಂದು ವಾಕ್ಯ: “ಅಮ್ಮ, ಈಗ ಹೂಂ ಅನ್ನಲ್ಲ, ಊಹೂಂ ಅನ್ನಲ್ಲ, ಫೆಬ್ರವರಿ ಕಳೆದ ಮೇಲೆ ಊರಿಗೇ ಬಂದು ಹೇಳ್ತೀನಿ.” ಫೋನು ದಿನಕ್ಕೊಂದರಿಂದ ವಾರಕ್ಕೆರಡಕ್ಕೆ ಇಳಿಯಿತು.

ಫೆಬ್ರವರಿಯಲ್ಲಿ ಹಿಮೋಗ್ಲೋಬಿನ್ 11.3, ಪ್ರಶ್ನಾವಳಿಯ ಅಂಕ 5. ತರಗತಿಗೆ ಎಂಟು ಮಂದಿ ಬರುತ್ತಿದ್ದರು. ಬಿಟ್ಟಿದ್ದ ಸೊಸೆಯಂದಿರಲ್ಲಿ ಒಬ್ಬರು ಬಂದರು, ಇನ್ನೊಬ್ಬರು ಬರಲಿಲ್ಲ. ಅಕ್ಕೋರು ಇನ್ನೊಂದು ವರ್ಷ ಇರುವುದೆಂದು ನಿರ್ಧರಿಸಿದರು.

ಅವರ ಒಪ್ಪಿಗೆ ಪಡೆದು ಸಂಸ್ಥೆಗೂ ಬರೆದೆವು: ಮಳೆಗಾಲಕ್ಕೆ ಒಳಹಳ್ಳಿಗೆ ಯಾರನ್ನೂ ಒಂಟಿಯಾಗಿ ಕಳಿಸಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಬ್ಬರಾದರೂ ಇರಲಿ. ತಿಂಗಳಿಗೆ ನಾಲ್ಕು ದಿನ ಊರಿಗೆ ಹೋಗುವ ರಜೆಯನ್ನು ಕೇಳದೆಯೇ ಕೊಡಿ. ತಿಂಗಳ ವರದಿಯಲ್ಲಿ ತಲೆ ಎಣಿಕೆಯ ಪಕ್ಕ ‘ಬಿಟ್ಟವರು ಯಾರು, ಯಾವ ಕೆಲಸಕ್ಕೆ’ ಎಂಬ ಇನ್ನೊಂದು ಕಲಮು ಸೇರಿಸಿ.